ಉರಿ ಹತ್ತದ ಕಣ್ಣು

ಮರುಳಯ್ಯನೆಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: “ಗುರುಗಳೇ, ಮನಸ್ಸು ಮಾಗಿದೆ ಎಂದು ತಿಳಿಯುವುದು ಹೇಗೆ?”

ಗುರುಗಳು ಕಡ್ಡಿ ಚುಚ್ಚಿ ಊಟಕ್ಕೆ ಮುತ್ತುಗದ ಎಲೆ ಹಚ್ಚುತ್ತಿದ್ದರು. ತಲೆ ಎತ್ತದೆ, “ಸುತ್ತು ಬಳಸಿ ಬರಬೇಡ. ಕೇಳಬೇಕಾದ್ದನ್ನು ಕೇಳು,” ಎಂದರು.

ಮರುಳಯ್ಯ ಹೇಳಿದ: “ಹೋದ ತಿಂಗಳು ನನ್ನ ತಾಯಿ ತೀರಿಕೊಂಡ ಸುದ್ದಿ ಬಂತು. ಆಗ ನಾನು ಪಂಕ್ತಿಯಲ್ಲಿ ಅಂಬಲಿ ಬಡಿಸುತ್ತಿದ್ದೆ. ಸುದ್ದಿ ಕೇಳಿದೆ, ಬಡಿಸುವುದನ್ನು ಮುಗಿಸಿದೆ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಇಂದಿಗೂ ಬಂದಿಲ್ಲ. ಮಠದ ಹಿರಿಯರು ಹೊಸದಾಗಿ ಬಂದವರಿಗೆ ನನ್ನನ್ನು ತೋರಿಸಿ, ವೈರಾಗ್ಯವೆಂದರೆ ಹೀಗಿರಬೇಕು ಎನ್ನುತ್ತಾರೆ. ಒಳಗೆ ಇಣುಕಿ ನೋಡಿಕೊಂಡರೆ ನನಗೆ ಅಲ್ಲಿ ಏನೂ ಕಾಣುವುದಿಲ್ಲ. ಅದೇ ವೈರಾಗ್ಯವೆ?”

ಗುರುಗಳು ಎಲೆಗಳನ್ನು ಪಕ್ಕಕ್ಕೆ ಸರಿಸಿದರು. “ಹೌದು ಎನ್ನುವುದು ಸುಲಭ, ಅಲ್ಲ ಎನ್ನುವುದೂ ಸುಲಭ. ನಾನು ಎರಡನ್ನೂ ಹೇಳುವುದಿಲ್ಲ. ಒಬ್ಬ ಕಣ್ಣಿನ ಪಂಡಿತನ ಕತೆ ಹೇಳುತ್ತೇನೆ, ಕೇಳು,” ಎಂದು ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ಕಣ್ಣಿನ ಪಂಡಿತನಿದ್ದ. ಅದು ಅವನ ಮನೆತನದ ವಿದ್ಯೆ. ತಾತ ಕಣ್ಣು ನೋಡುತ್ತಿದ್ದ, ಅಪ್ಪ ನೋಡುತ್ತಿದ್ದ, ಇವನೂ ನೋಡುತ್ತಿದ್ದ. ಕೈಗುಣ ಚೆನ್ನಾಗಿತ್ತು. ಕೈಗುಣ ಚೆನ್ನಾಗಿದ್ದವರ ಮನೆಗೆ ಬಾಗಿಲಿದ್ದೂ ಇಲ್ಲದ ಹಾಗೆ. ಬೆಳಗಾದರೆ ಜಗುಲಿ ತುಂಬ ಜನ, ಅಂಗಳದಲ್ಲಿ ಗಾಡಿ, ಎಲ್ಲೆಲ್ಲಿಂದಲೋ ಬಂದವರ ಗಂಟುಮೂಟೆ. ಪಂಡಿತನಿಗೆ ಉಂಡ ಎಲೆ ಎತ್ತುವುದಕ್ಕೂ ಬಿಡುವಿರಲಿಲ್ಲ.

ಅವನ ಅಪ್ಪ ಸಾಯುವ ಮೊದಲು ಒಂದು ಕ್ರಮ ಕಲಿಸಿದ್ದ. ಕಣ್ಣನ್ನು ಮೊದಲು ನೋಡಬೇಕು. ಆಮೇಲೆ ಕಣ್ಣಿನವನನ್ನು ಕೇಳಬೇಕು. ಆಮೇಲೆ ಮುಟ್ಟಬೇಕು. ಮುಟ್ಟುವುದೆಂದರೆ ಬೆರಳಿನಿಂದಲ್ಲ. ಎಕ್ಕದ ಕಾಯಿ ಒಡೆದಾಗ ಗಾಳಿಯಲ್ಲಿ ಹಾರುವ ಎಳೆ ಇದೆಯಲ್ಲ, ಅಂಥದೊಂದು ಎಳೆಯ ತುದಿಯನ್ನು ಕರಿಗುಡ್ಡೆಗೆ ಸೋಕಿಸಬೇಕು. ರೆಪ್ಪೆ ಪಟ್ಟನೆ ಮುಚ್ಚಿಕೊಂಡರೆ ಮದ್ದು ಹಾಕಬಹುದು. ಮುಚ್ಚಿಕೊಳ್ಳದಿದ್ದರೆ ಮದ್ದಿನ ಬಟ್ಟಲನ್ನು ಹತ್ತಿರಕ್ಕೂ ತರಬಾರದು.

“ಮುಚ್ಚಿಕೊಳ್ಳದ ಕಣ್ಣೂ ಇರುತ್ತದೇನಪ್ಪ?” ಎಂದು ಆಗ ಮಗ ಕೇಳಿದ್ದ.

“ಇರುತ್ತದೆ. ನಾನು ಹುಟ್ಟಿ ಒಂದೇ ಒಂದು ಕಂಡಿದ್ದೇನೆ. ನೋವು ಅನ್ನುವುದು ಕಣ್ಣಿನ ಕಾವಲುಗಾರ. ಕಾವಲುಗಾರ ಸತ್ತ ಕಣ್ಣಿಗೆ ಮದ್ದಲ್ಲ, ಮೊದಲು ಬಾಗಿಲು ಹಾಕಬೇಕು. ರೆಪ್ಪೆಗಳನ್ನು ಕೂಡಿಸಿ ಹೊಲಿದು, ಗಾಳಿ ಧೂಳು ಸೋಕದ ಹಾಗೆ ಕಾಯಬೇಕು,” ಎಂದಿದ್ದ ಅಪ್ಪ.

ಪಂಡಿತ ಬಹಳ ವರ್ಷ ಆ ಎಳೆಯನ್ನು ಬಿಡದೆ ಸೋಕಿಸಿದ. ಎಲ್ಲ ಕಣ್ಣೂ ಪಟಪಟನೆ ಮುಚ್ಚಿದವು. ಮುದುಕರದು, ಎಳೆಯರದು, ಕುಡುಕರದು, ಯಾರದೇ ಇರಲಿ, ಮುಚ್ಚದ ಕಣ್ಣು ಒಂದೂ ಸಿಗಲಿಲ್ಲ. ಜನ ಹೆಚ್ಚಾದ ದಿನ ಅವಸರಕ್ಕೆ ಒಬ್ಬಿಬ್ಬರನ್ನು ಮುಟ್ಟದೆ ಬಿಟ್ಟ. ಏನೂ ಆಗಲಿಲ್ಲ. ಇನ್ನೊಂದು ದಿನ ನಾಲ್ಕಾರು ಜನರನ್ನು ಬಿಟ್ಟ. ಆಗಲೂ ಏನೂ ಆಗಲಿಲ್ಲ. ಕೊನೆಗೆ ಎಕ್ಕದ ಎಳೆ ಇಟ್ಟಿದ್ದ ಡಬ್ಬಿಯಲ್ಲಿ ಅವನ ಹೆಂಡತಿ ಲವಂಗ ತುಂಬಿಟ್ಟಳು. ಅದನ್ನು ಕಂಡೂ ಅವನು ಸುಮ್ಮನಿದ್ದ. ನಾವು ಒಳ್ಳೆಯ ಕೆಲಸಗಳನ್ನು ಕೈ ಬಿಡುವುದು ಹೀಗೇ, ಮರುಳಯ್ಯ. ಯಾರೂ ಅದನ್ನು ಹೊಸ್ತಿಲು ದಾಟಿಸಿ ಎಸೆಯುವುದಿಲ್ಲ.

ಇನ್ನು ಅವನ ಅಂಜನದ ಮಾತು. ಅದು ಗುಣಕ್ಕೆ ಹೆಸರಾಗಿತ್ತು, ಅದಕ್ಕಿಂತ ಹೆಚ್ಚಾಗಿ ಉರಿಗೆ ಹೆಸರಾಗಿತ್ತು. ಕಡ್ಡಿಯಲ್ಲಿ ಒಂದಿಷ್ಟು ಹಚ್ಚಿದರೆ ಗಟ್ಟಿಗರೂ ಕುಣಿದಾಡುತ್ತಿದ್ದರು. ಒಬ್ಬ ಪೈಲ್ವಾನ ಜಗುಲಿಯ ಕಂಬವನ್ನು ತಬ್ಬಿಕೊಂಡು ಅವ್ವಾ ಎಂದು ಅತ್ತಿದ್ದ. ಕೆಲವರು ಪಂಡಿತನ ಮನೆತನವನ್ನೆಲ್ಲ ಎತ್ತಿ ಬೈದು, ಉರಿ ಇಳಿದ ಮೇಲೆ ಕಾಲಿಗೆ ಬೀಳುತ್ತಿದ್ದರು. ಪಂಡಿತನಿಗೆ ಬೈಗುಳದ ಬೇಸರವಿರಲಿಲ್ಲ. ಕೂಗಾಟ ಮಾತ್ರ ಸಾಕುಸಾಕಾಗಿತ್ತು. ದಿನವೆಲ್ಲ ಅರಚಾಟ ಕೇಳಿ ಕೇಳಿ, ಸದ್ದು ಮಾಡದೆ ಕೂರುವ ಒಬ್ಬ ರೋಗಿ ಬಂದರೆ ಸಾಕು ಎಂದು ಅವನು ಹಾರೈಸುತ್ತಿದ್ದ.

ಅಂಥವನು ಬಂದ.

ಅವನು ಒಬ್ಬ ಅಕ್ಕಸಾಲಿ. ಹೆಸರು ಕಾಳಾಚಾರಿ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಗಾದೆಯಿದೆ. ಗಾದೆ ಕಟ್ಟಿದವರು ಇವನನ್ನು ಕಂಡಿರಲಿಲ್ಲ. ಕೊಟ್ಟ ಚಿನ್ನವನ್ನು ಗುಲಗಂಜಿಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಒಪ್ಪಿಸುತ್ತಿದ್ದ. ಆದರೂ ಒಡವೆ ಮಾಡಿಸಲು ಬಂದವರು ಅವನು ಕೆಲಸ ಮುಗಿಸುವವರೆಗೆ ಎದುರಿಗೇ ಕೂತು, ಅವನ ಕೈಯನ್ನೇ ನೋಡುತ್ತಿದ್ದರು. ಅವನ ಕೆಲಸವನ್ನು ಹೊಗಳುತ್ತಿದ್ದರೇ ಹೊರತು ಅವನನ್ನು ಒಳ್ಳೆಯವನೆಂದು ಬಾಯಿಬಿಟ್ಟು ಹೇಳಿದವರು ಯಾರೂ ಇರಲಿಲ್ಲ.

ಕಾಳಾಚಾರಿಗೆ ಇದ್ದದ್ದು ಒಂದೇ ಕಣ್ಣು. ಇನ್ನೊಂದು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದ ಆ ಒಂದರಿಂದಲೇ ಸಾಸಿವೆಯಂಥ ಗುಂಡುಗಳನ್ನು ಬೆಸೆದು ಸರ ಮಾಡುತ್ತಿದ್ದ. ಆ ಕಣ್ಣಿರುವ ಕಡೆಯ ಹಣೆಯ ಮೇಲೇ ಸರ್ಪಸುತ್ತು ಎದ್ದಿತು. ಹಣೆಯಿಂದ ಮೂಗಿನ ತುದಿಯವರೆಗೆ ಗುಳ್ಳೆ. ಗೋಡೆಗೆ ತಲೆ ಚಚ್ಚಿಕೊಳ್ಳುವಂಥ ಯಾತನೆ. ಹೆಂಡತಿ ಸಿದ್ದಮ್ಮ ಕೆಮ್ಮಣ್ಣು ಕಲಸಿ ಹಚ್ಚಿದಳು, ಕಂಡ ದೇವರಿಗೆಲ್ಲ ಕೈ ಮುಗಿದಳು. ಗುಳ್ಳೆ ಒಣಗಿದವು, ನೋವು ನಿಂತಿತು. ಕಣ್ಣಿನ ಕೆಂಪು ಮಾತ್ರ ಹೋಗಲಿಲ್ಲ. ಹಾಗಾಗಿ ಪಂಡಿತನ ಜಗುಲಿಗೆ ಬಂದ.

ಪಂಡಿತ ಕಣ್ಣು ನೋಡಿದ. ಕೆಂಪಿತ್ತು. “ನೋವಿದೆಯೇನಯ್ಯ?” ಎಂದು ಕೇಳಿದ. “ಇಲ್ಲ ಸ್ವಾಮಿ,” ಎಂದ ಕಾಳಾಚಾರಿ. ನೋಡಿದ್ದಾಯಿತು, ಕೇಳಿದ್ದಾಯಿತು. ಮುಟ್ಟಬೇಕಾದ ಜಾಗಕ್ಕೆ ಬಂದಾಗ ಪಂಡಿತ ಅಂಜನದ ಕಡ್ಡಿಯನ್ನು ಕೈಗೆತ್ತಿಕೊಂಡ.

ಅಂಜನ ಹಚ್ಚಿದ. ಕಾಳಾಚಾರಿ ಕದಲಲಿಲ್ಲ. ಹಲ್ಲು ಕಚ್ಚಲಿಲ್ಲ. ಕಣ್ಣೀರೂ ಬರಲಿಲ್ಲ. ದೇವರ ಮುಂದೆ ಕೂತವನ ಹಾಗೆ ಕೂತಿದ್ದ.

ಪಂಡಿತನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಡ್ಡಿಯನ್ನು ಮೇಲೆತ್ತಿ ಹಿಡಿದು ಜಗುಲಿಯ ಜನಕ್ಕೆಲ್ಲ ಹೇಳಿದ: “ನೋಡಿ ಇವರನ್ನ! ಮನುಷ್ಯ ಅಂದರೆ ಹೀಗಿರಬೇಕು. ನೀವೂ ಇದ್ದೀರಿ, ಕಡ್ಡಿ ಕಂಡರೇ ಊರು ಒಂದಾಗೋ ಹಾಗೆ ಅರಚುತ್ತೀರಿ!”

ಜನ ನೋಡಿದರು. ತಾವು ಕುಣಿದಾಡಿದ ಉರಿಯನ್ನು ಇವನು ನೀರು ಕುಡಿದಂತೆ ಸಹಿಸಿದನಲ್ಲ ಎಂದು ಬೆರಗಾದರು. ಒಬ್ಬ ವರ್ತಕ ಎದ್ದು ತಾನು ಕೂತಿದ್ದ ಜಾಗ ಬಿಟ್ಟುಕೊಟ್ಟ. ಒಬ್ಬ ಮುದುಕಿ ಕೈ ಮುಗಿದಳು. ಬದುಕೆಲ್ಲ ಜನರ ಅನುಮಾನದ ಕಣ್ಣಿನ ಕೆಳಗೆ ಕೂತು ಕೆಲಸ ಮಾಡಿದ ಕಾಳಾಚಾರಿ, ಆ ದಿನ ಮನೆಗೆ ಹೋಗುವಾಗ ತಲೆ ಎತ್ತಿಕೊಂಡು ಹೋದ.

ಆಮೇಲೆ ಅವನು ದಿನವೂ ಬಂದ. ಪಂಡಿತ ಅವನಿಗೆ ಎದುರಿನ ಕಂಬದ ಬುಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಜಾಗ ಕೊಟ್ಟ. ಯಾರಾದರೂ ಅರಚಿದರೆ ಕಾಳಾಚಾರಿಯ ಕಡೆ ಬೆರಳು ತೋರಿಸುವುದು, ಅರಚುವವರು ನಾಚಿ ಬಾಯಿಗೆ ಬಟ್ಟೆ ತುರುಕಿಕೊಳ್ಳುವುದು. ಜಗುಲಿ ತಣ್ಣಗಾಯಿತು. ಪಂಡಿತನಿಗೆ ನೆಮ್ಮದಿಯಾಯಿತು. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಟ್ಟದ್ದಿದ್ದರೆ ಕತೆ ಇಷ್ಟು ಸಂಕಟದ್ದಾಗುತ್ತಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಕಾಳಾಚಾರಿಗೆ ದೀಪದ ಸುತ್ತ ಬಣ್ಣದ ಬಳೆ ಕಾಣತೊಡಗಿತು. ಆಮೇಲೆ ಗುಂಡುಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಂಡವು. ಆಮೇಲೆ ಬೆಳಗ್ಗೆ ಎದ್ದರೂ ಮಂಜು, ಮಧ್ಯಾಹ್ನವೂ ಮಂಜು. ಪಂಡಿತರಿಗೆ ಹೇಳಿಬಿಡಬೇಕು ಎಂದುಕೊಂಡೇ ಒಂದು ಬೆಳಗ್ಗೆ ಮನೆಯಿಂದ ಹೊರಟ. ಜಗುಲಿಗೆ ಬರುವ ಹೊತ್ತಿಗೆ ಪಂಡಿತ ಯಾರಿಗೋ, “ಇಗೋ ಬಂದರು ನೋಡಿ ನಮ್ಮ ಆಚಾರರು. ಇವರ ಬಾಯಲ್ಲಿ ಒಂದು ದಿನ ‘ಹಾ’ ಅನ್ನೋದು ಕೇಳಿದ್ದೀರಾ?” ಎನ್ನುತ್ತಿದ್ದ. ಎಲ್ಲರೂ ತಿರುಗಿ ನೋಡಿದರು. ಕಾಳಾಚಾರಿ ತಂದ ಮಾತನ್ನು ನುಂಗಿಕೊಂಡು ಕಂಬದ ಬುಡದಲ್ಲಿ ಕೂತ. ಅಂಜನ ಹಚ್ಚಿಸಿಕೊಂಡು ಹೋದ.

ಗಂಡ ನುಂಗಿಕೊಂಡದ್ದನ್ನು ಹೆಂಡತಿ ನುಂಗಿಕೊಳ್ಳಲಿಲ್ಲ. ಸಿದ್ದಮ್ಮ ಒಂದು ದಿನ ಒಬ್ಬಳೇ ಬಂದು, ಜನ ಕರಗುವವರೆಗೆ ಅಂಗಳದಲ್ಲಿ ನಿಂತಿದ್ದಳು. ಪಂಡಿತ ಕೈ ತೊಳೆದುಕೊಳ್ಳುತ್ತಿದ್ದಾಗ ಹತ್ತಿರ ಬಂದು ಹೇಳಿದಳು: “ಸ್ವಾಮಿ, ನಿನ್ನೆ ಅವರು ಊದುಗೊಳವೆ ಊದುತ್ತಾ ಇದ್ದರು. ಅಗ್ಗಿಷ್ಟಿಕೆ ಬೂದಿ ಹಾರಿ ಕಣ್ಣೊಳಕ್ಕೇ ಬಿತ್ತು. ಕರಿಗುಡ್ಡೆ ಮೇಲೇ ಕೂತಿತ್ತು. ಅವರು ರೆಪ್ಪೆ ಬಡೀಲೇ ಇಲ್ಲ. ನಾನೇ ಸೆರಗಿನ ತುದೀಲಿ ತೆಗೆದೆ. ನಂಗ್ಯಾಕೋ ಹೆದರಿಕೆ ಆಗ್ತದೆ.”

ಪಂಡಿತ ನಕ್ಕ. “ಹೆದರೋದು ಯಾಕಮ್ಮ? ನಿನ್ನ ಗಂಡ ಅಷ್ಟು ಗಟ್ಟಿ ಮನುಷ್ಯ. ಅಂಥವನ್ನ ಪಡೆಯೋಕೆ ಪುಣ್ಯ ಮಾಡಿರಬೇಕು.”

“ಗಟ್ಟಿ ಅಂತೀರಾ? ಬೆರಳಿಗೆ ಕಿಡಿ ಸಿಡಿದರೆ ಮನೆಯೆಲ್ಲ ಕೂಗಾಡ್ತಾರೆ ಸ್ವಾಮಿ. ಮುಳ್ಳು ಚುಚ್ಚಿದರೆ ನಾನೇ ಕಾಲು ಹಿಡಿದುಕೊಂಡು ಕೂರಬೇಕು. ಕಣ್ಣು ಒಂದೇ ಯಾಕೆ ಗಟ್ಟಿ ಆಯ್ತು?”

ಪಂಡಿತನ ಕೈ ಒಂದು ಗಳಿಗೆ ನೀರಿನಲ್ಲೇ ನಿಂತಿತು. ಅಪ್ಪ ಹೇಳಿದ್ದ ಮಾತು ನೆನಪಿನ ಬಾಗಿಲವರೆಗೆ ಬಂದು ನಿಂತ ಹಾಗಾಯಿತು. ಅಷ್ಟರಲ್ಲಿ ಒಳಗಿನಿಂದ ಊಟಕ್ಕೆ ಕರೆದರು. ಅವನಿಗೆ ಹಸಿವಾಗಿತ್ತು. ಜೊತೆಗೆ, ಇಷ್ಟು ದಿನ ಇಷ್ಟು ಜನರ ಮುಂದೆ ಹೊಗಳಿದ್ದನ್ನು ಒಬ್ಬ ಹೆಂಗಸಿನ ಒಂದು ಮಾತಿಗೆ ಅನುಮಾನಿಸುವುದು ಹೇಗೆ? “ಹೋಗಿ ಬಾರಮ್ಮ, ಎಲ್ಲ ಒಳ್ಳೇದಾಗುತ್ತೆ. ಅಂಜನ ಮಾತ್ರ ಒಂದು ದಿನವೂ ತಪ್ಪಿಸಬೇಡಿ,” ಎಂದು ಹೇಳಿ ಒಳಗೆ ಹೋದ.

ಆ ದಿನ ಅವನು ಉಂಡ ಊಟದ ರುಚಿ ಅವನಿಗೆ ನೆನಪುಳಿಯಲಿಲ್ಲ. ಆಡಿದ ಮಾತು ಮಾತ್ರ ಸಾಯುವವರೆಗೆ ನೆನಪಿತ್ತು. ಆ ದಿನ ಎಳೆ ಸೋಕಿಸಿದ್ದರೆ ಕಣ್ಣು ಉಳಿಯುತ್ತಿತ್ತು. ಆ ದಿನವೇ ಬಾಗಿಲು ಹಾಕಿದ್ದರೆ ಉಳಿಯುತ್ತಿತ್ತು. ಹೋಗಲಿ, ಅಂಜನ ಬೇಡ ಎಂದಿದ್ದರೂ ಎಷ್ಟೋ ಉಳಿಯುತ್ತಿತ್ತು.

ಮುಂದೆ ಒಂದು ವಾರ ಕಾಳಾಚಾರಿ ತಪ್ಪದೆ ಬಂದು ಅಂಜನ ಹಚ್ಚಿಸಿಕೊಂಡ. ಆಮೇಲೆ ಎರಡು ದಿನ ಬರಲಿಲ್ಲ. ಬಂದ ದಿನ ಗೋಡೆ ಸವರಿಕೊಂಡು ಬಂದ. ತನ್ನ ಜಾಗವೆಂದು ತಡಕಾಡಿ, ಕಂಬದ ಬುಡದಲ್ಲಿ ಕೂತಿದ್ದ ಇನ್ನೊಬ್ಬನ ತೊಡೆಯ ಮೇಲೇ ಕೂತ. ಜನ ಗೊಳ್ಳನೆ ನಕ್ಕರು. ಪಂಡಿತನೂ ನಗುತ್ತಲೇ, “ಏನಾಚಾರರೇ, ಕಾಣಲಿಲ್ಲವೇ?” ಎಂದ. ಹಾಗೆ ಕೇಳಿದವನು ಅವನ ಮುಖ ನೋಡಿದ. ನಗು ಅಲ್ಲೇ ನಿಂತಿತು.

ಕರಿಗುಡ್ಡೆಯ ನಡುವೆ ಹುಣ್ಣಾಗಿ, ಅದರ ಸುತ್ತ ಬೆಳ್ಳಗೆ ಹರಡಿತ್ತು. ಜನ ಇದನ್ನು ಕಣ್ಣಿಗೆ ಹೂ ಬೀಳುವುದು ಎನ್ನುತ್ತಾರೆ. ಅಂಥ ಹುಣ್ಣು ಕಣ್ಣಿಗಾದವರು ಹಗಲು ಬೆಳಕಿಗೆ ಮುಖ ಕೊಡಲಾರರು, ತಲೆಗೆ ಮುಸುಕು ಹಾಕಿಕೊಂಡು ನರಳುತ್ತಾರೆ. ಕಾಳಾಚಾರಿ ಬಿಸಿಲಿನ ಕಡೆ ಕಣ್ಣು ಅಗಲಿಸಿ ಸುಮ್ಮನೆ ಕೂತಿದ್ದ.

ಪಂಡಿತ ಎದ್ದ. ಯಾರಿಗೂ ಏನೂ ಹೇಳದೆ ಬೇಲಿಯ ಹತ್ತಿರ ಹೋಗಿ ಒಣಗಿದ ಎಕ್ಕದ ಕಾಯಿಯೊಂದನ್ನು ಕಿತ್ತು ತಂದ. ಎಳೆಯೊಂದನ್ನು ಬಿಡಿಸಿಕೊಂಡು ಅವನ ಮುಂದೆ ಕೂತ. ತುದಿಯನ್ನು ಕರಿಗುಡ್ಡೆಗೆ ಸೋಕಿಸಿದ. ರೆಪ್ಪೆ ಮುಚ್ಚಲಿಲ್ಲ. ಮತ್ತೆ ಸೋಕಿಸಿದ. ಮುಚ್ಚಲಿಲ್ಲ. ಎಳೆಯನ್ನು ಕರಿಗುಡ್ಡೆಯ ಮೇಲೆ ಎಳೆದ. ಕಾಳಾಚಾರಿ, “ಪಂಡಿತರೇ, ಇನ್ನೂ ಯಾಕೆ ಅಂಜನ ಹಚ್ಚಲಿಲ್ಲ?” ಎಂದು ಕೇಳಿದ.

ಅಪ್ಪ ತನ್ನ ಜನ್ಮದಲ್ಲಿ ಒಂದೇ ಒಂದು ಕಂಡಿದ್ದ ಅಂಥ ಕಣ್ಣು ಮಗನ ಎದುರಿಗೂ ಬಂದು ಕೂತಿತ್ತು. ಇಷ್ಟು ದಿನ ಅದನ್ನು ಅವನು ಮೆರವಣಿಗೆ ಮಾಡಿದ್ದ. ಸರ್ಪಸುತ್ತು ಹೋಗುವಾಗ ಕಣ್ಣಿನ ಕಾವಲುಗಾರನನ್ನು ಕೊಂದು ಹೋಗಿತ್ತು. ಕಾವಲಿಲ್ಲದ ಮನೆಗೆ ಇವನು ದಿನವೂ ತಪ್ಪದೆ ಬೆಂಕಿ ಇಟ್ಟಿದ್ದ, ಕೂಗುವವರಿಲ್ಲವೆಂದು ಸಂತೋಷಪಟ್ಟಿದ್ದ.

ಆಮೇಲೆ ಮಾಡಬೇಕಾದ್ದನ್ನೆಲ್ಲ ಮಾಡಿದ. ಉಳಿದಿದ್ದ ಅಂಜನವನ್ನು ತೊಳೆದು ತೆಗೆದ. ತುಪ್ಪ ಬಿಟ್ಟ. ರೆಪ್ಪೆಗಳನ್ನು ಕೂಡಿಸಿ ತೆಳ್ಳನೆಯ ದಾರದಲ್ಲಿ ಹೊಲಿದು ಬಾಗಿಲು ಹಾಕಿದ. ಕಾಳಾಚಾರಿಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು, ಕೈ ಹಿಡಿದು ನಡೆಸಿ, ಎಲೆಯ ಮುಂದೆ ಕೂರಿಸಿ, ಯಾವ ಮಗನೂ ನೋಡಿಕೊಳ್ಳದಷ್ಟು ನೋಡಿಕೊಂಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೊಲಿಗೆ ಬಿಚ್ಚಿದಾಗ ಹುಣ್ಣು ಮಾಯ್ದಿತ್ತು. ಹೂ ಹಾಗೇ ಉಳಿದಿತ್ತು. ಹಗಲು ಯಾವುದು ರಾತ್ರಿ ಯಾವುದು ಎಂಬುದಷ್ಟೇ ಕಾಳಾಚಾರಿಗೆ ತಿಳಿಯುತ್ತಿತ್ತು.

ಪಂಡಿತ ಅವನ ಎರಡೂ ಕೈ ಹಿಡಿದುಕೊಂಡು ಕೇಳಿದ: “ಆಚಾರರೇ, ಮಂಜು ಕವಿಯೋದು ಒಂದೇ ದಿನಕ್ಕೆ ಆಗೋದಲ್ಲ. ನಿಮಗೆ ಗೊತ್ತಾಗಿರಬೇಕು. ಒಂದು ಮಾತು ನನಗೆ ಯಾಕೆ ಹೇಳಲಿಲ್ಲ?”

“ಗೊತ್ತಾಗಿತ್ತು ಪಂಡಿತರೇ. ಹೇಳಬೇಕು ಅಂತಲೇ ಬಂದಿದ್ದೆ. ಅಷ್ಟು ಜನರ ಮುಂದೆ ನೀವು ಅಷ್ಟು ದೊಡ್ಡ ಮಾತು ಆಡುತ್ತಾ ಇದ್ದಿರಿ. ನನ್ನ ಜನ್ಮದಲ್ಲಿ ಯಾರೂ ನನಗೆ ಹಾಗೆ ಅಂದಿರಲಿಲ್ಲ. ಅದನ್ನ ಕಳಕೊಳ್ಳೋಕೆ ಮನಸ್ಸು ಬರಲಿಲ್ಲ,” ಎಂದ ಕಾಳಾಚಾರಿ.

ಪಂಡಿತನಿಗೆ ಅಳು ಬಂತು. ಅತ್ತ. ಅವನು ಅಳುವುದು ಕಾಳಾಚಾರಿಗೆ ಕಾಣಲಿಲ್ಲ, ಕೇಳಿಸಿತು. “ಬಿಡಿ ಸ್ವಾಮಿ, ನೀವು ನನಗೆ ಒಳ್ಳೇದನ್ನೇ ಬಯಸಿದ್ದಿರಿ,” ಎಂದು ಅವನೇ ಸಮಾಧಾನ ಮಾಡಿದ. ಆ ಸಮಾಧಾನವನ್ನು ಪಂಡಿತ ತಡೆದುಕೊಳ್ಳಲಾರದೆ ಹೋದ. ನಾಲ್ಕು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅಂದಿನಿಂದ ಪಂಡಿತ ಎಕ್ಕದ ಎಳೆ ಸೋಕಿಸದೆ ಒಂದು ಕಣ್ಣಿಗೂ ಮದ್ದು ಹಾಕಲಿಲ್ಲ. ಜನ ಬೇಸರಪಟ್ಟರು. ಮುದುಕನಿಗೆ ಅರಳುಮರಳು ಎಂದರು. ಹೊತ್ತಾಗುತ್ತದೆಂದು ಬೇರೆ ಪಂಡಿತರನ್ನು ಹುಡುಕಿಕೊಂಡು ಹೋದವರೂ ಇದ್ದರು. ಅವನು ಬಿಡಲಿಲ್ಲ. ಬಂದ ಕಣ್ಣುಗಳೆಲ್ಲ ಪಟಪಟನೆ ಮುಚ್ಚಿದವು. ಅಂಥ ಕಣ್ಣು ಅವನಿಗೆ ಮತ್ತೊಂದು ಸಿಗಲೇ ಇಲ್ಲ. ಬದುಕಿನಲ್ಲಿ ಒಂದೇ ಒಂದು ಸಲ ಬೇಕಾಗಿದ್ದ ಎಳೆ, ಆ ಒಂದು ಸಲ ಅವನ ಕೈಯಲ್ಲಿರಲಿಲ್ಲ.

ಇನ್ನೊಂದು ಬದಲಾವಣೆಯೂ ಆಯಿತು. ಅವನು ಯಾರಿಗೂ ಸುಮ್ಮನಿರಿ ಎನ್ನಲಿಲ್ಲ. ಅಂಜನ ಹಚ್ಚಿದಾಗ ಜನ ಕುಣಿದರು, ಅರಚಿದರು, ಬೈದರು. ಆ ಅರಚಾಟ ಕೇಳುತ್ತಿದ್ದರೆ ಅವನ ಎದೆ ಹಗುರಾಗುತ್ತಿತ್ತು. ಯಾರಾದರೂ ಸದ್ದಿಲ್ಲದೆ ಕೂತರೆ ಕಡ್ಡಿಯನ್ನು ಕೆಳಗಿಟ್ಟು ಮತ್ತೊಮ್ಮೆ ಎಳೆ ಸೋಕಿಸುತ್ತಿದ್ದ.

ಕತೆ ಇಲ್ಲಿಗೆ ನಿಂತಿತು. ಗುರುಗಳು ಬಿಟ್ಟಿದ್ದ ಎಲೆಗಳನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ಮರುಳಯ್ಯ ಕೇಳಿದ: “ಗುರುಗಳೇ, ಗಟ್ಟಿಯಾದ ಕಣ್ಣು ಯಾವುದು, ಸತ್ತ ಕಣ್ಣು ಯಾವುದು ಎಂದು ತಿಳಿಯಲು ಅಷ್ಟು ಸಣ್ಣ ಎಳೆ ಸಾಕಿತ್ತೆ?”

“ಸಾಕಿತ್ತು,” ಎಂದರು ಗುರುಗಳು.

ಆಮೇಲೆ ಎಲೆ ಹಚ್ಚುವುದನ್ನು ನಿಲ್ಲಿಸಿ, ಅವನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದರು:

“ಮಗು, ನಿನ್ನ ಅವ್ವ ನಿನ್ನನ್ನು ಏನೆಂದು ಕರೆಯುತ್ತಿದ್ದಳು?”